ವಾಮನ ಸಾಲಿಯಾನರ ಮೂರು ಸೆಕೆಂಡು

ಸುಗಂಧಿಯವರ ತಮ್ಮನ ಸಂಸಾರ ಆ ಭಾನುವಾರ ಊಟಕ್ಕೆ ಬಂದಿತ್ತು. ತಮ್ಮನ ಮಗಳು, "ನನಗೆ ನೀರುದೋಸೆ ಸಾಕು, ಇನ್ನು ಆಗುದಿಲ್ಲ" ಎಂದು ತಟ್ಟೆ ಸರಿಸಿದಳು. ಸುಗಂಧಿಯವರ ಗಂಡ ವಾಮನ ಸಾಲಿಯಾನರ ಕಣ್ಣು ಮಿನುಗಿತು. ಕುತ್ತಿಗೆಗೆ ಸುತ್ತಿದ್ದ ಕಪ್ಪು ಪಟ್ಟಿಯ ಕೆಳಗೆ ಗಂಟಲು ಅಲುಗಿತು. ಗೋಡೆ ಬದಿಯಲ್ಲಿದ್ದ ಕಂಪ್ಯೂಟರಿನ ಫ್ಯಾನು ಗುರ್ರೆಂದು ವೇಗ ಹಿಡಿಯಿತು. ಅಷ್ಟರಲ್ಲಿ ತಮ್ಮ, "ಭಾವ, ನಮ್ಮ ನೆರೆಮನೆಯ ಕೂಸಣ್ಣ ಮೊನ್ನೆ ತೀರಿಹೋದರು" ಎಂದ.

"ಒಳ್ಳೆಯದಾಯ್ತು, ನಮಗೆ ಹೆಚ್ಚು ಸಿಕ್ತು" ಎಂದಿತು ಕಂಪ್ಯೂಟರಿನ ಸ್ಪೀಕರ್.

"ಅದು ದೋಸೆಯ ವಿಷಯ" ಎಂದು ಸುಗಂಧಿ ಎಲ್ಲರಿಗೂ ವಿವರಿಸಬೇಕಾಯಿತು. ವಿವರಿಸಿದ ಮೇಲೆ ಅದರಲ್ಲಿ ತಮಾಷೆ ಉಳಿಯಲಿಲ್ಲ. ವಾಮನರು ಕೈತೊಳೆಯಲು ಎದ್ದುಹೋದರು.

ಪಟ್ಟಿಯ ಹೆಸರು ಕಂಠವಾಚಕ. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆ ಕಳೆದುಕೊಂಡವರು ಮಾತಾಡಲು ಯತ್ನಿಸಿದಾಗ ಗಂಟಲಿನ ಸ್ನಾಯುಗಳು ಹಿಂದಿನಂತೆಯೇ ಅದುರುತ್ತವೆ. ಆ ಅದುರುವಿಕೆಯನ್ನು ಪಟ್ಟಿ ಹಿಡಿದು ಕಂಪ್ಯೂಟರಿಗೆ ಕಳುಹಿಸುತ್ತದೆ. ಕಂಪ್ಯೂಟರ್ ಅದನ್ನು ಪದಗಳಾಗಿ ಓದಿ, ಆ ವ್ಯಕ್ತಿಯದೇ ಹಳೆಯ ದನಿಯಲ್ಲಿ ನುಡಿಯುತ್ತದೆ. ವಾಮನರ ದನಿ ಸಿಕ್ಕುವುದು ಕಷ್ಟವಾಗಲಿಲ್ಲ. ಕಾಪುವಿನಿಂದ ಕುಂದಾಪುರದವರೆಗಿನ ಕಬಡ್ಡಿ ಪಂದ್ಯಾಟಗಳಲ್ಲಿ ವೀಕ್ಷಕ ವಿವರಣೆ ಎಂದರೆ ವಾಮನ ಸಾಲಿಯಾನ್ ಎಂಬ ಕಾಲವಿತ್ತು, ಅವೆಲ್ಲದರ ಧ್ವನಿಮುದ್ರಿಕೆಗಳಿದ್ದವು.

ಕಷ್ಟ ಇದ್ದದ್ದು ಕಂಪ್ಯೂಟರಿನಲ್ಲಿ. ಕದ್ದ ದನಿಗಳಿಂದ ದೇಶವಿಡೀ ಮೋಸಗಳಾದ ಮೇಲೆ ಒಂದು ಕಾನೂನು ಬಂದಿತ್ತು. ಅದರ ಪ್ರಕಾರ ಒಬ್ಬರ ದನಿಗೆ ಒಂದೇ ಪ್ರತಿ. ಅದು ಅವರ ಸ್ವಂತ ಕಂಪ್ಯೂಟರಿನ ಡಿಸ್ಕಿನಲ್ಲಿಯೇ ಇರಬೇಕು, ಯಾವ ಜಾಲಕ್ಕೂ ಹೋಗಕೂಡದು. ಮನೆಬಳಕೆಗೆ ಹೊಸ ಪ್ರೊಸೆಸರುಗಳು ಬರುವುದು ನಿಂತೇಹೋಗಿತ್ತು. ತಯಾರಾದದ್ದೆಲ್ಲ ದೊಡ್ಡ ದತ್ತಾಂಶ ಕೇಂದ್ರಗಳ ಪಾಲಾಗುತ್ತಿತ್ತು. ಹಾಗಾಗಿ ಸುಗಂಧಿ ಒಂದು ಕಾಲದಲ್ಲಿ ಶಾಲೆಯ ಗಣಿತದ ಪ್ರಶ್ನೆಪತ್ರಿಕೆ ತಯಾರಿಸಲು ಕೊಂಡಿದ್ದ ಹಳೆಯ ಡೆಸ್ಕ್‌ಟಾಪೇ ಈಗ ವಾಮನರ ಬಾಯಿ. ಒಂದು ಮಾತು ಹೊರಡಿಸಲು ಅದಕ್ಕೆ ಮೂರು ಸೆಕೆಂಡು ಬೇಕು.

ಮೂರು ಸೆಕೆಂಡೆಂದರೆ ಏನು ಮಹಾ ಎಂದು ಆಸ್ಪತ್ರೆಯವರು ಹೇಳಿದ್ದರು. ಮನೆಯಲ್ಲಿ ನಾಲ್ಕು ಜನ ಸೇರಿದಾಗ ಅದು ಎಷ್ಟು ಎಂದು ಸುಗಂಧಿಗೆ ಗೊತ್ತು. ಯಾರೂ ಕಾಯುವುದಿಲ್ಲ. ಕಾಯುತ್ತೇವೆ ಎಂದು ತೋರಿಸುವವರು ಇನ್ನೂ ಕಷ್ಟ. ಅವರು ಮಗುವನ್ನು ನೋಡುವಂತೆ ನಗುತ್ತ ನೋಡುತ್ತಾರೆ.

ಯುವಕ ಮಂಡಲದ ಕಾರ್ಯದರ್ಶಿ ರಿತೇಶ್ ಮರುದಿನ ಬಂದ. ಬಂದವನು ಜಗಲಿಯಲ್ಲೇ ನಿಂತ.

"ವಾಮನಣ್ಣ, ಬರುವ ತಿಂಗಳು ಪಂದ್ಯಾಟ ಉಂಟಲ್ಲ. ವಿವರಣೆಗೆ ಬೇರೆ ಒಬ್ಬರನ್ನು ಕೇಳಿದ್ದೇವೆ. ನಿಮಗೆ ಬೇಜಾರಿಲ್ಲ ಅಲ್ವಾ?"

ಸ್ಪೀಕರ್ ಸುಮ್ಮನಿತ್ತು. ರಿತೇಶ್ ಕಾಯದೆ, "ನೀವು ವೇದಿಕೆಯಲ್ಲಿ ಕೂತರೆ ಸಾಕು, ಶಾಲು ಹಾಕ್ತೇವೆ" ಎಂದ.

"ಬೇಜಾರುಂಟು" ಎಂದಿತು ಸ್ಪೀಕರ್, ಶಾಲಿನ ಮಾತಿಗೆ ಉತ್ತರವೆಂಬಂತೆ.

ರಿತೇಶನ ಮುಖ ಕೆಂಪಾಯಿತು. "ಅಣ್ಣ, ನೀವೇ ಹೇಳಿ. ರೈಡರನ್ನು ಹಿಡಿಯುದು ಕಣ್ಣು ಮಿಟುಕಿಸುವಷ್ಟರಲ್ಲಿ. ನೀವು ಹಿಡಿದರು ಅನ್ನುವಾಗ ಅವ ಹೊರಗೆ ಕೂತು ನೀರು ಕುಡೀತಿರ್ತಾನೆ."

ಅದು ಸತ್ಯವಾಗಿತ್ತು. ಅವನು ಹೋದ ಮೇಲೆ ವಾಮನರು ಒಂದೇ ಮಾತು ಹೇಳಿದರು: "ಈ ಸಲ ಮೈಕ್ ಸಿಗದಿದ್ದರೆ ಪಟ್ಟಿ ತೆಗೆದಿಡ್ತೇನೆ ಸುಗಂಧಿ. ಮತ್ತೆ ಕಟ್ಟಿಕೊಳ್ಳುದಿಲ್ಲ."

ಸುಗಂಧಿ ಆ ಮಾತನ್ನು ಬೆದರಿಕೆಯೆಂದು ತಿಳಿಯಲಿಲ್ಲ. ಗಂಡ ಈಗಾಗಲೇ ದಿನದಿನಕ್ಕೆ ಕಡಿಮೆ ಮಾತಾಡುತ್ತಿರುವುದನ್ನು ಅವರು ಗಮನಿಸುತ್ತಲೇ ಇದ್ದರು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಠವಾಚಕದ ಮೇಲೆ ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಹಿಲ್ಡಾ ಲೋಬೊ ಅವರಿಗೆ ಫೋನ್ ಮಾಡಿದರು.

ಹಿಲ್ಡಾ ಬಂದು ಕಂಪ್ಯೂಟರಿನ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ಧೂಳು ನೋಡಿ ಹಣೆ ಚಚ್ಚಿಕೊಂಡರು. "ಟೀಚರ್, ಇದು ಉಸಿರಾಡುದೇ ದೊಡ್ಡ ವಿಷಯ."

"ಇದನ್ನು ಬೇಗ ಓಡಿಸಲಿಕ್ಕೆ ಆಗ್ತದಾ?"

"ಆಗ್ತದೆ. ಬಡಿತವೇರಿಕೆ ಅಂತ ಕರೀತೇವೆ ನಾವು. ಪ್ರೊಸೆಸರಿಗೆ ಒಂದು ಬಡಿತ ಉಂಟು, ಒಂದೊಂದು ಬಡಿತಕ್ಕೆ ಒಂದಿಷ್ಟು ಕೆಲಸ. ತಯಾರಿಸಿದವರು ಇಷ್ಟೇ ಬಡಿ ಅಂತ ಒಂದು ಮಿತಿ ಹಾಕಿರ್ತಾರೆ. ಅದರ ಮೇಲೂ ಸ್ವಲ್ಪ ತಾಕತ್ತು ಉಳಿದಿರ್ತದೆ."

"ಎಷ್ಟು ಉಳಿದಿರ್ತದೆ?"

"ಅದು ಯಾರಿಗೂ ಗೊತ್ತಿಲ್ಲ. ಒಂದೇ ದಿನ ಒಂದೇ ಕಡೆ ಮಾಡಿದ ಎರಡು ಪ್ರೊಸೆಸರಿಗೂ ಬೇರೆ ಬೇರೆ. ಒಂದು ಮೆಟ್ಟಿಲು ಏರಿಸುದು, ಗಂಟೆಗಟ್ಟಲೆ ಕೆಲಸ ಕೊಟ್ಟು ಪರೀಕ್ಷೆ ಮಾಡುದು, ಬಿಸಿ ನೋಡುದು. ಸರಿ ಇದ್ದರೆ ಇನ್ನೊಂದು ಮೆಟ್ಟಿಲು. ತಡವರಿಸಿದರೆ ಒಂದು ಕೆಳಗಿಳಿಸಿ ಅಲ್ಲೇ ನಿಲ್ಲುದು. ವೋಲ್ಟೇಜ್ ಮಾತ್ರ ಆಸೆಬುರುಕರ ಹಾಗೆ ಏರಿಸಬಾರದು, ಸುಟ್ಟೇ ಹೋಗ್ತದೆ."

"ಮತ್ತೆ ಮೆಮೊರಿ?"

"ಅದನ್ನೂ ಏರಿಸಬೇಕು, ಆದರೆ ಪ್ರೊಸೆಸರ್ ನಿಂತ ಮೇಲೆ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ತಪ್ಪು ಯಾರದ್ದು ಅಂತ ತಿಳಿಯುದಿಲ್ಲ. ಮೆಮೊರಿಯ ತಪ್ಪು ಕಳ್ಳ ಜಾತಿಯದ್ದು. ಯಂತ್ರ ಓಡ್ತಾ ಇರ್ತದೆ, ಒಳಗೆ ಬರೆದದ್ದೆಲ್ಲ ಹಾಳಾಗ್ತಾ ಇರ್ತದೆ."

"ಅಂದ್ರೆ ಇವರ ದನಿ?"

"ಅದಕ್ಕೇ ದನಿಯ ಡಿಸ್ಕನ್ನು ಮೊದಲು ತೆಗೆದಿಡುವಾ. ಖಾಲಿ ಡಿಸ್ಕ್ ಹಾಕಿ ಪರೀಕ್ಷೆ ಮಾಡುವಾ. ಎಲ್ಲ ನಿಂತ ಮೇಲೆ ದನಿ ಒಳಗೆ. ಅಷ್ಟರವರೆಗೆ ಇವರು..." ಹಿಲ್ಡಾ ವಾಮನರ ಕಡೆ ನೋಡಿ ಮಾತು ನಿಲ್ಲಿಸಿದರು.

ಹೀಗೆ ಮಾತು ಬೇಗ ಬರಲೆಂದು ಮಾತೇ ಇಲ್ಲದ ದಿನಗಳು ಶುರುವಾದವು. ಸುಗಂಧಿ ಶಾಲೆಯಿಂದ ಬಂದವರೇ ಪರದೆಯ ಮುಂದೆ ಕುಳಿತು ಉಷ್ಣಾಂಶದ ಅಂಕಿ ನೋಡುತ್ತಿದ್ದರು. ಹಿಲ್ಡಾ ದೊಡ್ಡ ಶೀತಕ ತಂದು ಕೂರಿಸಿದ್ದರೂ, ಕಡಲ ದಂಡೆಯ ಬೇಸಿಗೆಯ ತೇವದಲ್ಲಿ ಏನೂ ಬೇಗ ತಣಿಯುವುದಿಲ್ಲ. ಪ್ರೊಸೆಸರ್ ಕೆಲವು ಮೆಟ್ಟಿಲು ಸಲೀಸಾಗಿ ಏರಿತು, ಆಮೇಲೆ ಪರೀಕ್ಷೆಯ ನಡುವೆ ಸತ್ತುಬಿತ್ತು. ಒಂದು ಮೆಟ್ಟಿಲು ಇಳಿಸಿದರು. ಮೆಮೊರಿಯ ಸರದಿ ಬಂದಾಗ ಯಂತ್ರ ಏಳಲೇ ಇಲ್ಲ. ಪರದೆ ಕಪ್ಪು, ಫ್ಯಾನು ಮಾತ್ರ ತಿರುಗುತ್ತಿತ್ತು. ಒಳಗಿನ ಗುಂಡಿಯಂಥ ಬ್ಯಾಟರಿ ತೆಗೆದು, ಯಂತ್ರ ಹೊಸ ಹೊಂದಿಕೆಗಳನ್ನೆಲ್ಲ ಮರೆಯುವಂತೆ ಮಾಡಿ, ಮೊದಲಿನಿಂದ ಶುರುಮಾಡಬೇಕಾಯಿತು. ಮತ್ತೆ ಹಾಗೆಯೇ ಆಯಿತು. ಮತ್ತೆ ಮೊದಲಿನಿಂದ.

ವಾಮನರು ಮೇಜು ಕುಟ್ಟಿ ಕರೆಯುತ್ತಿದ್ದರು, ಕೈಸನ್ನೆ ಮಾಡುತ್ತಿದ್ದರು. ಸುಗಂಧಿಗೆ ಅರ್ಥವಾಗದಿದ್ದರೆ ಕೈ ಕೊಡವಿ ಎದ್ದುಹೋಗುತ್ತಿದ್ದರು. ಒಮ್ಮೆ ಪಟ್ಟಿಯನ್ನು ಬಿಚ್ಚಿ ಸೋಫಾದ ಮೇಲೆ ಎಸೆದರು. ಸುಗಂಧಿ ಅದನ್ನು ಒರೆಸಿ ಮೊಳೆಗೆ ತೂಗುಹಾಕಿದರು. ಬೈಯಬೇಕೆನಿಸಿತು, ಉತ್ತರಿಸಲಾಗದವರನ್ನು ಬೈಯುವುದು ಹೇಗೆಂದು ಸುಮ್ಮನಾದರು.

ಕೊನೆಗೆ ಹಿಲ್ಡಾ ಮೆಮೊರಿಯನ್ನು ಆಸೆಪಟ್ಟದ್ದಕ್ಕಿಂತ ಕೆಳಗೆ, ಒಂದೂ ತಪ್ಪು ಬಾರದ ಕಡೆ ನಿಲ್ಲಿಸಿ, ದನಿಯ ಡಿಸ್ಕನ್ನು ಒಳಗಿಟ್ಟರು. ವಾಮನರ ಗಂಟಲು ಅಲುಗಿತು.

"ಪರೀಕ್ಷೆ ಪಾಸಾ ಡಾಕ್ಟ್ರೆ?"

ಅದು ಗಂಟಲಿನ ಜೊತೆಜೊತೆಗೇ ಬಂದಿತ್ತು. ವಾಮನರು ಆ ಇಡೀ ಸಂಜೆ ಕಿಟಕಿಯಿಂದ ಕಾಣುವುದನ್ನೆಲ್ಲ ವಿವರಿಸಿದರು: ಗೇಟು ದಾಟಿದ ಬೆಕ್ಕು, ಬಸ್ಸಿನ ಹಿಂದೆ ಓಡಿದ ಗಂಡಸು, ಹಾರಿಹೋದ ಪಂಚೆ. ರಿತೇಶ್ ಬಂದು ಕೇಳಿ, ಬಾಯಿಗೆ ಕೈ ಇಟ್ಟುಕೊಂಡು, "ಮೈಕ್ ನಿಮಗೇ ಅಣ್ಣ" ಎಂದ.

ಪಂದ್ಯಾಟದ ಸಂಜೆ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಮೈದಾನಕ್ಕೆ ಒಯ್ದು, ವಿವರಣೆಯ ಮೇಜಿನ ಕೆಳಗಿಟ್ಟು, ಎದುರಿಗೆ ನಿಲುವು ಫ್ಯಾನು ಹಚ್ಚಿದರು. ಸುಗಂಧಿ ಪಕ್ಕದಲ್ಲಿ ನಿಂತು ಅಂಕಿ ನೋಡುತ್ತಿದ್ದರು. ಮೊದಲ ಪಂದ್ಯ ಶುರುವಾದಾಗ ವಾಮನರು ರೈಡರ್ ಗೆರೆ ದಾಟುವ ಮೊದಲೇ ದನಿ ಏರಿಸಿ, ಕಾಲು ಹಿಡಿದ ಗಳಿಗೆಗೆ ಸರಿಯಾಗಿ "ಸಿಕ್ಕಿಬಿದ್ದ" ಎಂದರು. ಮೈದಾನ ಎದ್ದುನಿಂತು ಕೂಗಿತು. ಹಳಬರು ಕಣ್ಣೊರೆಸಿಕೊಂಡರು.

ಪಂದ್ಯದ ನಡುವಿನ ಬಿಡುವಿನಲ್ಲಿ ಮುಖ್ಯ ಅತಿಥಿಗಳು ಎದ್ದು, ಕ್ರೀಡೆಯ ಮಹತ್ವದ ಬಗ್ಗೆ ಭಾಷಣ ಶುರುಮಾಡಿದರು. ಅದು ಮುಗಿಯುವಂತೆ ಕಾಣಲಿಲ್ಲ.

"ಇವರ ಕೈಗೆ ಮೈಕ್ ಕೊಟ್ಟವ ಯಾರು ಮಾರಾಯ" ಎಂದಿತು ವಾಮನರ ದನಿ, ನಾಲ್ಕೂ ದಿಕ್ಕಿನ ಧ್ವನಿವರ್ಧಕಗಳಲ್ಲಿ.

ಜನ ಬಿದ್ದುಬಿದ್ದು ನಕ್ಕರು. ಅತಿಥಿಗಳು ಕುಳಿತುಬಿಟ್ಟರು. ವಾಮನರು ಬೆಚ್ಚಿ ತಲೆ ಅಲ್ಲಾಡಿಸುತ್ತಿದ್ದರು. ಅವರು ಅದನ್ನು ಹೇಳಿರಲಿಲ್ಲ. ಹೇಳಬೇಕೆನಿಸಿ ನುಂಗಿದ್ದರು. ಸುಗಂಧಿ ಗಾಬರಿಯಾಗಿ, ಯಂತ್ರಕ್ಕೇನಾಯಿತೆಂದು ಪರದೆಯ ಮೇಲೆ ಬಗ್ಗಿದರು.

"ಇವಳೊಬ್ಬಳು. ಈ ಪೆಟ್ಟಿಗೆಯ ಜ್ವರ ನೋಡುವ ಹಾಗೆ ದಿನವಿಡೀ ನನ್ನನ್ನೂ ನೋಡ್ತಾಳೆ. ಸಾಕಾಗಿಹೋಗಿದೆ."

ಮೈದಾನ ಇನ್ನೊಮ್ಮೆ ನಕ್ಕಿತು. ವಾಮನರು ಎರಡೂ ಕೈಯಿಂದ ಪಟ್ಟಿಯನ್ನು ಕುತ್ತಿಗೆಯಿಂದ ಎಳೆದು ದೂರ ಹಿಡಿದರು. ಸುಗಂಧಿ ನೆಟ್ಟಗೆ ನಿಂತರು. ಅಷ್ಟರಲ್ಲಿ ಸೀಟಿ ಮೊಳಗಿತು, ಮುಂದಿನ ದಾಳಿ ಹೊರಟಿತು, ವಾಮನರು ಪಟ್ಟಿ ಬಿಡಲೇಬೇಕಾಯಿತು. ವಿವರಣೆ ಒಂದಿಷ್ಟೂ ತಡವಾಗದೆ ಕೊನೆಯವರೆಗೂ ಸಾಗಿತು. ಸುಗಂಧಿ ಅಷ್ಟು ಹೊತ್ತಿಗೆ ಮನೆಗೆ ನಡೆದುಹೋಗಿದ್ದರು.

ಕಾರಣ ಹುಡುಕಿದ ಹಿಲ್ಡಾ ಮರುದಿನ ಸಪ್ಪೆ ಮುಖ ಮಾಡಿಕೊಂಡು ಬಂದರು. ಮನುಷ್ಯರು ಮಾತನ್ನು ನುಂಗುವಾಗಲೂ ಗಂಟಲು ತುಸು ಅಲುಗುತ್ತದೆ. ಮೊದಲು ಯಂತ್ರ ನಿಧಾನವಿದ್ದಾಗ ತಂತ್ರಾಂಶ ಆ ಮೂರು ಸೆಕೆಂಡು ಕಾದು, ಅರ್ಧಕ್ಕೆ ನಿಂತ ಅಲುಗಾಟವನ್ನು ಕಸವೆಂದು ಬಿಸಾಡುತ್ತಿತ್ತು. ಯಂತ್ರ ವೇಗವಾದದ್ದನ್ನು ಅರಿತು ಅದು ಕಾಯುವುದನ್ನೇ ಬಿಟ್ಟಿತ್ತು.

"ಪ್ರೊಸೆಸರಿನ ಸುರಕ್ಷೆ ನೋಡಿದೆ, ಮೆಮೊರಿಯದ್ದು ನೋಡಿದೆ. ಇದು ನನ್ನ ತಲೆಗೇ ಹೋಗಲಿಲ್ಲ. ಬಡಿತ ಇಳಿಸುವಾ ಟೀಚರ್?"

ವಾಮನರು ಪಟ್ಟಿ ಎತ್ತಿ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದರು.

"ಬೇಡ. ಹೇಗುಂಟೋ ಹಾಗಿರಲಿ" ಎಂದರು ಸುಗಂಧಿ.

ಆ ಮೇಲೆ ವಾಮನರಿಗೆ ಹೊಸ ಅಭ್ಯಾಸ ಬಂತು. ಒಂದು ಮಾತು ನುಂಗಬೇಕಾದಾಗ ಪಟ್ಟಿಯ ಕೆಳಗೆ ಬೆರಳು ತೂರಿಸಿ ಅದನ್ನು ಚರ್ಮದಿಂದ ಎತ್ತುವುದು. ಊರಿನವರಿಗೆ ಇದು ಬೇಗ ತಿಳಿಯಿತು. ರಿತೇಶ್ ಎದುರು ಬೆರಳು ಮೇಲೆ ಹೋದರೆ ಸಾಕು, "ಎಂತ ಅಣ್ಣ, ಎಂತ ಹೇಳಲಿಕ್ಕೆ ಹೊರಟದ್ದು?" ಎಂದು ಅವನು ಜಗಳಕ್ಕೇ ಬರುತ್ತಿದ್ದ. ಬಾಯಿಬಿಟ್ಟು ಬೈದಿದ್ದರೂ ಜನ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. ಎಲ್ಲರೂ ದಿನಕ್ಕೆ ಎಷ್ಟೋ ಸಲ ಗುಟ್ಟಾಗಿ ಮಾಡುವ ಕೆಲಸವನ್ನು ವಾಮನರೊಬ್ಬರೇ ಎಲ್ಲರ ಕಣ್ಣೆದುರು ಮಾಡಬೇಕಾಗಿತ್ತು.

ಮನೆಯಲ್ಲಿ ಸುಗಂಧಿ ಉಷ್ಣಾಂಶ ನೋಡುವುದನ್ನು ಬಿಟ್ಟಿದ್ದರು. ಗಂಡನ ಮುಖ ನೋಡುವುದನ್ನೂ ಆದಷ್ಟು ಬಿಟ್ಟಿದ್ದರು. ಬಡಿಸುವುದು, ಉಣ್ಣುವುದು, ಏಳುವುದು. ಅವರು ಅಡುಗೆಮನೆಯಿಂದ ಬಂದಾಗಲೆಲ್ಲ ವಾಮನರ ಬೆರಳು ಪಟ್ಟಿಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಬೆಂಡೆಕಾಯಿ ಸಾರು ಬಡಿಸಿ ಕುಳಿತಾಗ, ಮೊದಲ ತುತ್ತಿಗೇ ಆ ಬೆರಳು ಮೇಲೆ ಹೋಯಿತು.

ಸುಗಂಧಿ ತಟ್ಟೆ ಬಿಟ್ಟು ಎದ್ದುಬಂದು, ಗಂಡನ ಕೈಯನ್ನು ಹಿಡಿದು ಕೆಳಗಿಳಿಸಿದರು. ಪಟ್ಟಿ ಚರ್ಮಕ್ಕೆ ಕೂತಿತು. "ನಾನು ಕೇಳ್ತೇನೆ. ಎಂತದ್ದಾದರೂ ಆಗಲಿ."

"ಸಾರಿಗೆ ಉಪ್ಪು ಕಡಿಮೆ" ಎಂದಿತು ಸ್ಪೀಕರ್. ಒಂದು ಉಸಿರೂ ಬಿಡದೆ, "ಹೇಳಿದರೆ ಇವಳು ಕಣ್ಣು ಕೆಳಗೆ ಹಾಕ್ತಾಳೆ. ಆ ದಿನದಿಂದ ನನ್ನನ್ನು ನೋಡುದೇ ಇಲ್ಲ. ನೋಡುದು ಸಾಕು ಅಂದದ್ದು ನಾನೇ. ಈಗ ಯಾರಿಗೆ ಹೇಳುದು" ಎಂದಿತು.

ವಾಮನರ ಕೈ ಬಿಡಿಸಿಕೊಳ್ಳಲು ನೋಡಿತು. ಸುಗಂಧಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ಎದುರಿಗೇ ಕುಳಿತು, ಅವರ ಮುಖವನ್ನು ನೇರವಾಗಿ ನೋಡಿ, "ಮತ್ತೆಂತ ಉಂಟು, ಎಲ್ಲ ಹೇಳಿಬಿಡಿ" ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ವಾಮನರ ದನಿ ಶುರುವಾಗಿಬಿಟ್ಟಿತ್ತು.