ಎರಡೂವರೆ ಕಿಲೋ

ಆರತಿಯ ತೂಕ ಎಷ್ಟೆಂಬುದು ದೇಶಪಾಂಡೆ ನಗರದ ಆ ಮನೆಗೆ ಬಂದುಹೋಗುವ ಎಲ್ಲರಿಗೂ ಗೊತ್ತಿತ್ತು. ಹಾಲಿನವಳಿಗೆ, ಗ್ಯಾಸಿನವನಿಗೆ, ಗರಗದಿಂದ ವರ್ಷಕ್ಕೊಮ್ಮೆ ಬರುವ ಅವಳ ತವರಿನವರಿಗೆ. ನಡುಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರದ ಚೌಕದೊಳಗೆ ಕೆಂಪು ಶಾಯಿಯ ಒಂದು ಸಂಖ್ಯೆ ಇರುತ್ತಿತ್ತು. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಸವಕಿರಣ ಹೆಂಡತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಪೆನ್ನು ತೆಗೆಯುತ್ತಿದ್ದ. ‘ನಿನ್ನ ಆರೋಗ್ಯಕ್ಕ’ ಎನ್ನುತ್ತಿದ್ದ. ಆರು ವರ್ಷದಿಂದ ಹೀಗೇ ನಡೆದಿತ್ತು. ಅದನ್ನು ಯಾರೂ ಹೊಡೆತವೆಂದು ಕರೆಯುವಂತಿರಲಿಲ್ಲ. ಹೇಳಿಕೊಳ್ಳಹೋದರೆ ತನಗೇ ನಾಚಿಕೆ.

ಐವತ್ತು ತುಂಬುವ ಹೊತ್ತಿಗೆ ಬಸವಕಿರಣನಿಗೆ ಸಮುದ್ರದ ತಳ ನೋಡುವ ಹುಚ್ಚು ಹಿಡಿಯಿತು. ಬೆಳಗಿನ ಈಜಿನ ಗೆಳೆಯರು ಸೇರಿ ಅತುಲ ಎಂಬ ತರಬೇತುದಾರನನ್ನು ಗೊತ್ತುಮಾಡಿದರು. ಒಂದು ತಿಂಗಳು ಹುಬ್ಬಳ್ಳಿಯ ಈಜುಕೊಳದಲ್ಲಿ ಪಾಠ, ಆಮೇಲೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ. ಆರತಿಯೂ ಹೆಸರು ಕೊಟ್ಟಳು. ಗರಗದ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ಅವಳು. ನೀರಿನಲ್ಲಿ ತನಗೆ ಭಾರವೇ ಇರಲಿಲ್ಲ ಎಂಬುದು ಮೈಗೆ ನೆನಪಿತ್ತು.

ಮೊದಲ ದಿನ ಅತುಲ ಎಲ್ಲರಿಗೂ ಒಂದೊಂದು ಫಾರ್ಮು ಕೊಟ್ಟು, ಮೈತೂಕ ಬರೆಯಲು ಹೇಳಿದ.

“ಮನಷ್ಯಾ ತಾನಾಗೇ ಮುಳುಗೂದಿಲ್ರಿ. ಮ್ಯಾಲೆ ರಬ್ಬರಿನ ಅಂಗಿ ಬ್ಯಾರೆ, ಅದೂ ತೇಲಸತೈತಿ. ಅದಕ್ಕ ಸೊಂಟಕ್ಕ ಸೀಸಾ ಕಟ್ಟೂದು. ಮೈತೂಕದ ಇಪ್ಪತ್ತರಾಗ ಒಂದು ಪಾಲಿನಿಂದ ಶುರು ಮಾಡೋಣು. ಮೈಯಾಗ ಕೊಬ್ಬಿದ್ದವ್ರು ಹೆಚ್ಚು ತೇಲ್ತಾರ, ಅವ್ರಿಗೆ ಒಂಚೂರು ಜಾಸ್ತಿ.”

ಆರತಿ ಸಂಖ್ಯೆ ಬರೆದು, ಕಾಗದ ಮಡಚಿ ಚಾಚಿದಳು. ಬಸವಕಿರಣ ನಡುವೆಯೇ ಕಸಿದುಕೊಂಡು ಬಿಚ್ಚಿದ.

“ಎಂಬತ್ನಾಲ್ಕು! ಇಕಿಗೆ ಸೀಸಾ ಹುಡುಕಾಕ ಹುಬ್ಬಳ್ಳಿ ಸಾಲೂದಿಲ್ರಿ ಅತುಲ. ಗುಜರಿ ಅಂಗಡಿ ಅಂಗಡೀನ ಕಟ್ಟಬೇಕಾಕ್ಕೈತಿ.”

“ಹತ್ತಿ ಅಂಡಿಗಿನೂ ತೇಲತೈತಿ ಬಿಡೋ ಮಾರಾಯಾ,” ಎಂದ ಈಜಿನ ಗೆಳೆಯ, ಹತ್ತಿ ಮೂಟೆಗಳ ವ್ಯಾಪಾರಿ ಗುರುಶಿದ್ದಪ್ಪ.

ಎಲ್ಲರೂ ನಕ್ಕರು. ಆರತಿಯೂ ನಕ್ಕಳು. ಗಂಡನ ಮಾತನ್ನಾದರೂ ಅವಳು ಮರೆಯುತ್ತಿದ್ದಳೇನೋ. ತಾನು ನಕ್ಕದ್ದನ್ನು ಮರೆಯಲಾಗಲಿಲ್ಲ. ಮರುದಿನ ತನ್ನ ಹೆಸರು ತೆಗೆಸಿಹಾಕಿದಳು. ‘ಛಲೋ ಆತು, ಟವೆಲ್ ಹಿಡ್ಯಾಕ ಒಬ್ಬರು ಬೇಕಾಗಿತ್ತು’ ಎಂದ ಬಸವಕಿರಣ.

ಹೀಗಾಗಿ ಕೊಳದ ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂತ ಹೆಂಗಸು ಎಲ್ಲರಿಗಿಂತ ಚೆನ್ನಾಗಿ ಪಾಠ ಕೇಳಿದಳು. ಸಾಮಾನ್ಯ ಉಸಿರು ಹಿಡಿದು ಅಲುಗದೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು. ಉಸಿರು ಬಿಟ್ಟರೆ ಮೆಲ್ಲಗೆ ಮುಳುಗಬೇಕು. ಅಷ್ಟಾದರೆ ಸೀಸ ಸರಿಯಾಗಿದೆ ಎಂದರ್ಥ. ಎಪ್ಪತ್ತೆಂಟು ಕಿಲೋದ ಬಸವಕಿರಣ ಮೂರರಲ್ಲಿ ತೇಲಿದ, ಐದರಲ್ಲಿ ಮುಳುಗಿದ, ನಾಲ್ಕರಲ್ಲಿ ಸರಿಹೋದ. ಅತುಲ ಅವನ ಚೀಟಿಯಲ್ಲಿ ನಾಲ್ಕು ಎಂದು ಬರೆದ.

“ಇದರ ಮ್ಯಾಲೆ ಎರಡು ಕಿಲೋ ಹೆಚ್ಚಾದ್ರ?” ಎಂದು ಆರತಿ ಕೇಳಿದಳು. ಅವಳ ದನಿ ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಸಹಜವಾಗಿತ್ತು.

“ಹೊಸಬಾ ಸೀದಾ ತಳಕ್ಕರೀ ವೈನಿ. ಗಾಬರ್ಯಾಗ ಜಾಕೀಟಿಗೆ ಗಾಳಿ ತುಂಬೂ ಗುಂಡಿ ಒತ್ತೂದೂ ಮರೀತಾನ, ಸೀಸದ ಪಟ್ಟಿ ಬಿಚ್ಚೂದೂ ಮರೀತಾನ. ಕೈ ಮಾಡಿ ನನ್ನ ಕರದ್ರ ಉಳೀತಾನ.”

ಬಸವಕಿರಣ ಕೈ ಮಾಡಿ ಕರೆಯುವ ಮನುಷ್ಯನಲ್ಲ. ಯಾವುದೇ ಲೆಕ್ಕಕ್ಕಿಂತ ಅದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಇಪ್ಪತ್ತಮೂರು ವರ್ಷದಲ್ಲಿ ದಾರಿ ತಪ್ಪಿದರೂ ಅವನು ಯಾರನ್ನೂ ಕೇಳಿದವನಲ್ಲ.

ಉಪಾಯವನ್ನು ಅವನೇ ಅವಳ ಮಡಿಲಿಗೆ ಹಾಕಿದ. ಸೀಸದ ಪಟ್ಟಿ ಸೊಂಟ ಕೊರೆಯುತ್ತದೆ, ಮೆತ್ತನೆಯ ಗವಸು ಹೊಲಿದುಕೊಡು ಎಂದ. ತವರಿನಿಂದ ಬಂದ ದಪ್ಪ ಖಾದಿ ಮನೆಯಲ್ಲಿತ್ತು. ಸೀಸಕ್ಕಾಗಿ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಗುಜರಿ ಇಟ್ಟುಕೊಂಡಿದ್ದ ಮಕಬೂಲಸಾಬನ ಹತ್ತಿರ ಹೋದಳು.

“ಯಾತಕ್ಕವ್ವಾ ಇದು?”

“ಪರದೆ ಹಾರತಾವರೀ ಕಾಕಾ. ಅಂಚಿಗೆ ಹಾಕಾಕ.”

“ಪರದೆ ಏನು, ಹಿಂತಾವು ಹಾಕಿದ್ರ ಗ್ವಾಡೀನ ಬೀಳತೈತಿ,” ಎಂದು ನಗುತ್ತ ಅವನು ಸೀಸವನ್ನು ಬಡಿದು ರೊಟ್ಟಿಯಷ್ಟು ತೆಳ್ಳಗೆ ಮಾಡಿಕೊಟ್ಟ.

ಎರಡು ಸಾಕಿತ್ತು. ಖಾತ್ರಿಗೆ ಎರಡೂವರೆ ಹಾಕಿದಳು. ತೂಗಿ ನೋಡಲು ಸೀಸವನ್ನು ಎದೆಗವಚಿಕೊಂಡು ಆ ಯಂತ್ರದ ಮೇಲೆ ತಾನೇ ನಿಂತಳು. ಎಂಬತ್ತಾರೂವರೆ. ಸಂಖ್ಯೆ ಏರಿದ್ದಕ್ಕೆ ಅವಳಿಗೆ ಮೊದಲ ಬಾರಿ ಸಂತೋಷವಾಯಿತು. ಆ ಸಂತೋಷ ಎಷ್ಟು ಹೇಸಿಗೆಯದೆಂದರೆ, ಕೆಳಗಿಳಿದವಳು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಳು.

ಆದರೂ ಹೊಲಿದಳು. ಎರಡು ಪದರ ಖಾದಿಯ ನಡುವೆ ಸೀಸ, ಅದರ ಮೇಲೆ ಹತ್ತಿಯ ಹಾಸು, ಮೈಗೆ ತಾಗುವ ಕಡೆ ಮೆತ್ತನೆಯ ಅಸ್ತರು. ಯಂತ್ರದಲ್ಲಿ ಹೊಲಿದರೆ ಸೂಜಿ ಮುರಿದೀತೆಂದು ಎಲ್ಲವನ್ನೂ ಕೈಯಲ್ಲೇ ಹೊಲಿದಳು. ಕೊಳದ ಪಾಠ ಮುಗಿದ ಮೇಲೇ ಗವಸು ತಯಾರಾಗುವಂತೆ ನೋಡಿಕೊಂಡಳು. ಅವನು ಪಟ್ಟಿ ಎತ್ತಿ ನೋಡುವನೆಂಬ ಭಯವಿರಲಿಲ್ಲ. ಸೊಂಟಕ್ಕೆ ಅದನ್ನು ಕಟ್ಟುವವಳೂ ಅವಳೇ. ಬೆನ್ನಿಗೆ ಗಾಳಿಯ ಸಿಲಿಂಡರು ಹೊತ್ತವನಿಗೆ ಎರಡೂವರೆ ಕಿಲೋ ಯಾವ ಲೆಕ್ಕ. ತನಿಖೆಯವರು ಬಂದರೆ? ಐವತ್ತು ವರ್ಷದ ಹೊಸಬ, ಸಮುದ್ರ, ಗಾಬರಿ. ಪಟ್ಟಿಯನ್ನು ದುಃಖದ ಗದ್ದಲದಲ್ಲಿ ನೀರಿಗೆ ಬಿಟ್ಟರೆ ಅದು ತಾನಾಗಿಯೇ ತಳ ಸೇರುತ್ತದೆ. ಅವಳು ಎಲ್ಲವನ್ನೂ ಯೋಚಿಸಿದ್ದಳು. ಯೋಚಿಸುವಾಗ ಹೊಲಿಗೆಯ ಟಾಕಿ ನೇರವಾಗಿ ಬೀಳುತ್ತಿತ್ತು. ಎಷ್ಟು ನೇರ ಎಂದುಕೊಂಡಾಗ ಮಾತ್ರ ಸೊಟ್ಟಾಗುತ್ತಿತ್ತು, ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ನೇತ್ರಾಣಿಯ ಹತ್ತಿರ ದೋಣಿ ನಿಂತಾಗ ಬಿಸಿಲು ಚೆನ್ನಾಗಿ ಏರಿತ್ತು. ಗಂಡನ ಸೊಂಟಕ್ಕೆ ಪಟ್ಟಿ ಕಟ್ಟುವಾಗ ರಬ್ಬರಿನ ಅಂಗಿಯ ಮೇಲಿಂದಲೇ ಅವನ ಹೊಟ್ಟೆ ಅವಳ ಬೆರಳಿಗೆ ತಾಗಿತು. ಮಗುವಿನ ಹೊಟ್ಟೆಯಂತೆ ಬೆಚ್ಚಗಿತ್ತು, ಹೆದರಿಕೆಗೆ ಸಣ್ಣಗೆ ಅದುರುತ್ತಿತ್ತು. ಅವನು ಹೆದರಿದ್ದಾನೆ ಎಂಬುದು ಅವಳಿಗೆ ಹೊಸ ಸುದ್ದಿ. ಏನು ಮಾಡುತ್ತಿದ್ದೇನೆ ನಾನು ಎಂದು ಕಿವಿಯವರೆಗೂ ಕೆಂಪಾಗಿ, ಪಟ್ಟಿಯ ಕೊಂಡಿ ಬಿಚ್ಚಲು ಕೈ ಹಾಕಿದಳು.

“ರೀ, ಒಂದ ಮಾತು…”

“ನೀ ಈ ಕಡಿ ನಿಂದರಬ್ಯಾಡ ಮಾರಾಯ್ತಿ, ದೋಣಿ ವಾಲಾಕತ್ತೈತಿ,” ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಎಲ್ಲರೂ ನಕ್ಕರು.

ಆರತಿ ಕೈ ತೆಗೆದುಕೊಂಡಳು. ಆಚೆ ಬದಿಗೆ ಹೋಗಿ ಕೂತು ಟವೆಲ್ಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ಕೊಳದಾಗಿನ ಸೀಸದಾಗ ಎಲ್ಲಾರೂ ಒಮ್ಮೆ ನೀರಿಗಿಳೀರಿ,” ಎಂದ ಅತುಲ, ತಾನು ಮೊದಲೇ ಇಳಿದು. “ಹಗ್ಗ ಹಿಡ್ಕೊಂಡ ನಿಂದರ್ರಿ. ಕಡಿಮಿ ಬಿದ್ದಷ್ಟು ಇಲ್ಲೇ ಹಾಕ್ತೇನಿ.”

ಗುರುಶಿದ್ದಪ್ಪ ಇಳಿದವನು ಎದೆಯವರೆಗೂ ಮೇಲೆದ್ದು ಬೆಂಡಿನಂತೆ ತೇಲಿದ, ಉಳಿದವರೂ ಹಾಗೆಯೇ. ‘ಉಪ್ಪನೀರ್ರೀ ಇದು, ಕೊಳದ ಸಿಹಿನೀರಲ್ಲ, ಎಲ್ಲಾರಿಗೂ ಎರಡು, ಎರಡೂವರೆ ಕಿಲೋ ಹೆಚ್ಚಿಗಿ ಬೇಕಾಗತೈತಿ’ ಎನ್ನುತ್ತ ಅತುಲ ಒಬ್ಬೊಬ್ಬರಿಗೂ ಸೀಸದ ತುಂಡು ಸೇರಿಸುತ್ತ ಬಂದ. ವರ್ಷವರ್ಷವೂ ಉಪ್ಪುನೀರಿನಲ್ಲಿ ಮೇಲೇಳುವ ಮಾವಿನಕಾಯಿಗಳ ತಲೆಯ ಮೇಲೆ ತನ್ನ ಕೈಯಾರೆ ಕಲ್ಲು ಹೇರಿ ಭರಣಿಯ ಬಾಯಿ ಕಟ್ಟುವವಳು ಆರತಿ. ತಿಂಗಳಿಡೀ ಲೆಕ್ಕ ಹಾಕಿದವಳಿಗೆ ಉಪ್ಪು ಮರೆತೇಹೋಗಿತ್ತು. ಬಸವಕಿರಣನೊಬ್ಬ ಏನೂ ಸೇರಿಸದೆಯೇ, ನೀರು ಕಣ್ಣಿನ ಮಟ್ಟಕ್ಕೆ ಬಂದು, ಕೂದಲೆಳೆಯೂ ಆಚೀಚೆ ಇಲ್ಲದಂತೆ ನಿಂತಿದ್ದ. ಅತುಲ ಅವನ ಹತ್ತಿರಕ್ಕೆ ಈಜಿ ಬಂದ. “ನಾಲ್ಕರಾಗ ಹಿಂಗ ನಿಂದರಾಕ ಶಕ್ಯನ ಇಲ್ಲ,” ಎಂದು ಪಟ್ಟಿಯನ್ನು ಬಿಚ್ಚಿಸಿ, ಕೈಯಲ್ಲಿ ತೂಗಿ, ಖಾದಿಯ ಮೇಲೆ ಹೆಬ್ಬೆರಳಿನಿಂದ ಒತ್ತುತ್ತ ಹೊಲಿಗೆಯಗುಂಟ ಸಾಗಿ, ಒಂದು ಕಡೆ ಗಟ್ಟಿಯಾದದ್ದು ತಗಲಿ ನಿಂತ. “ಈ ಗವಸು ಯಾರು ಮಾಡಿದ್ದರೀ?” ಎಂದು ಕೇಳಿದ. ಹಗ್ಗ ಹಿಡಿದು ತೇಲುತ್ತಿದ್ದ ಬಸವಕಿರಣ ಬಾಯಿಗೆ ಬಂದ ಉಪ್ಪುನೀರನ್ನು ಉಗುಳಿ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ, ನಾಲ್ಕು ಮಂದಿಯೆದುರು ಹೆಂಡತಿಯ ಕಡೆ ಅಭಿಮಾನದಿಂದ ಕೈ ತೋರಿಸಿ ಹೇಳಿದ: “ನಮ್ಮಾಕಿ ಮಾಡಿದ್ದರೀ. ಒಂದ ಟಾಕಿನೂ ಮಂದಿ ಕೈಲೆ ಹಾಕಿಸಿಲ್ಲ, ಎಲ್ಲಾ ಅಕಿನ ಹೊಲದಾಳ.”