ಕಿಟಕಿಯವರೆಗಿನ ನೀರು

"ನೀರು ಮೆಟ್ಟಿಲವರೆಗೆ ಬರಬಹುದು, ಸೂರಿನವರೆಗೂ ಬರಬಹುದು! ಇದೂ ಒಂದು ಲೆಕ್ಕವೇನೇ?" ಅಕ್ಕ ರೇಗಿದಳು. "ಎರಡು ಸಲ ನೀನು ಮನೆ ಖಾಲಿ ಮಾಡಿಸಿದೆ. ಅಂಗಳವೂ ಒದ್ದೆಯಾಗಲಿಲ್ಲ. ಈ ಸಲ ಕೆಳಬೀದಿಯಲ್ಲಿ ಒಬ್ಬರೂ ಕದಲಲ್ಲ."

ತಂಗಿಗೆ ಅದೇ ಕೊರಗು. ನದಿಯ ಏರಿಳಿತವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಆದರೆ ನದಿ ಹುಟ್ಟುವ ಅಷ್ಟು ದೊಡ್ಡ ಕಾಡಿಗೆಲ್ಲ ಇದ್ದದ್ದು ಒಂದೇ ಮಳೆಮಾಪಕ, ಮಿಕ್ಕಿದ್ದು ಊಹೆ. ಮೇಲಿನ ಕಣಿವೆಯಲ್ಲಿ ಪ್ರವಾಹವನ್ನು ಇವತ್ತೇ ಅಳೆದರೆ, ನಾಳೆ ಊರಿಗೆಷ್ಟು ನೀರೆಂದು ಗಟ್ಟಿಯಾಗಿ ಹೇಳಬಹುದು. ದೋಣಿ ನಡೆಸುವ ಭಾವನನ್ನೂ ಸರ್ವೆಯವರನ್ನೂ ಜೀಪಿಗೆ ಹತ್ತಿಸಿಕೊಂಡು, ಮೇಲೆ ದೋಣಿ ಕಟ್ಟಿಸಿಕೊಂಡು ಹೊರಟೇಬಿಟ್ಟಳು.

ಕಾಡಿನ ಹಳ್ಳಕೊಳ್ಳಗಳೆಲ್ಲ ಒಂದಾಗಿ ಎರಡು ಕರಿಬಂಡೆಗಳ ನಡುವೆ ನುಗ್ಗುತ್ತಿದ್ದವು. ನೀರಿನ ಮೊರೆತಕ್ಕೆ ಕಾಲಡಿಯ ಕಲ್ಲೇ ನಡುಗುತ್ತಿತ್ತು. ಸರ್ವೆಯವರು ಮರದ ತುಂಡುಗಳನ್ನು ತೇಲಿಬಿಟ್ಟು ವೇಗ ಹಿಡಿದರು.

"ವೇಗ ಸಿಕ್ತು, ಅಗಲ ಗೊತ್ತು. ಆಳ ಬೇಸಿಗೆಯಲ್ಲಿ ನೀವೇ ನಡೆದು ಅಳೆದದ್ದಿದೆ. ನಡೀರಿ, ಹೋಗೋಣ."

ಅವಳು ಏಳಲಿಲ್ಲ. ಬೊಗಸೆಯಲ್ಲಿ ನೀರೆತ್ತಿ ನೋಡಿದಳು. ನೀರು ಸೋರಿಹೋಗಿ ಅಂಗೈತುಂಬ ಮರಳು ಉಳಿಯಿತು. ಹೊಳೆ ತನ್ನ ತಳವನ್ನೇ ಕಿತ್ತು ಹೊತ್ತೊಯ್ಯುತ್ತಿದೆ! ಹಾಗಾದರೆ ತಾನು ನಡೆದಿದ್ದ ನೆಲ ಈಗೆಲ್ಲಿ?

"ಭಾವ, ದೋಣಿ ಇಳಿಸಿ."

ಬೇಸಿಗೆಯಲ್ಲೇ ಬಂಡೆಯಿಂದ ಬಂಡೆಗೆ ಬಿಗಿದಿದ್ದ ಹಗ್ಗ ಹಿಡಿದು ನಡುಹೊಳೆಗೆ ಜರುಗಿದರು. ಅವಳು ಸೀಸದ ಗುಂಡು ಬಿಟ್ಟಳು. ಹಳೆಯ ಅಳತೆಯಂತೆ ದಾರದ ಕೆಂಪು ಬಟ್ಟೆಯ ಗುರುತಿಗೆ ತಳ ಸಿಗಬೇಕಿತ್ತು.

ಕೆಂಪು ಬಟ್ಟೆ ಮುಳುಗಿತು. ದಾರ ಇಳಿಯುತ್ತಲೇ ಹೋಯಿತು. ಇನ್ನೂ ಒಂದಾಳುದ್ದ!

"ಮರ ಬರ್ತಿದೆ!" ದಡದಿಂದ ಸರ್ವೆಯವರು ಕೂಗಿದರು.

"ಇನ್ನೊಂದೇ ಕಡೆ, ಭಾವ!"

"ನಿಮ್ಮಕ್ಕನಿಗೆ ನಾನೇನು ಹೇಳಲಿ, ತಾಯಿ?"

"ಬದುಕಿದ್ರೆ ತಾನೇ ಹೇಳೋದು! ಎಳೀರಿ!"

ಗುಂಡು ಬಿತ್ತು, ತಳ ಮುಟ್ಟಿತು. ಬುಡಸಮೇತ ಬಂದ ಮರ ದೋಣಿಯ ಬಾಲವನ್ನು ಸವರಿತು. ದೋಣಿ ಗಿರ್ರನೆ ತಿರುಗಿತು. ದಾರ ಹರಿದು, ಗುಂಡು ಹೊಳೆಪಾಲಾಯಿತು. ಭಾವ ಹಗ್ಗಕ್ಕೆ ಜೋತುಬಿದ್ದ. ಅಂಗೈ ಸುಲಿದರೂ ಬಿಡದೆ ದಡಕ್ಕೆ ಎಳೆದ.

ಜೀಪಿನಲ್ಲಿ ಕುಲುಕಾಡುತ್ತಲೇ ಅವಳು ಹೊಸ ಆಳ ಹಾಕಿದಳು. ಮೆಟ್ಟಿಲಿಗೂ ಸೂರಿಗೂ ನಡುವೆ ತೂಗಾಡುತ್ತಿದ್ದ ಲೆಕ್ಕ ಒಂದೆಡೆ ನಿಂತಿತು.

ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. "ಎಲ್ಲಿವರೆಗೆ?"

"ಕಿಟಕಿಯವರೆಗೆ."

ಅಕ್ಕ ತಂಗಿಯ ಮುಖ ನೋಡಿದಳು, ಗಂಡನ ಅಂಗೈ ನೋಡಿದಳು. ಹಾಸಿಗೆ ಸುತ್ತತೊಡಗಿದಳು. ಅವಳು ಗಂಟು ಹೊತ್ತು ಹೊರಟದ್ದು ಕಂಡು ಕೆಳಬೀದಿಯೆಲ್ಲ ಹಿಂದೆ ಬಂತು.

ನೀರಿಳಿದ ಮೇಲೆ ಮೊದಲು ಮನೆ ಹೊಕ್ಕವಳೂ ಅಕ್ಕನೇ. ಗೋಡೆಯ ಕೆಸರುಗೆರೆಗೆ ಕೈಯಿಟ್ಟು ಅಳೆದು, ಒಳಗಿಂದಲೇ ಕೂಗಿದಳು:

"ಕಿಟಕಿ ಅಂದ್ಯಲ್ಲೇ, ಗೇಣು ಕಮ್ಮಿ ಬಂದಿದೆ!"