ಕೇಳದೆ ಹಾಕಿದ ಫೋಟೋ

“ವೆಬ್‌ಸೈಟಿಗೆ ಈ ಬಟನ್ ಅಂಟಿಸಿದ ಮಹಾನುಭಾವರು ಯಾರು?” ಅಶ್ಮಿತಾ ಕೇಳಿದಳು.

ಮುಂಬೈ ಹತ್ತಿರದ ಡೊಂಬಿವಲಿಯ ಆ ಸಣ್ಣ ಕಚೇರಿಯಲ್ಲಿದ್ದವರೆಲ್ಲ ಹಯಗ್ರೀವನತ್ತ ತಿರುಗಿದರು. ಅಂಗವಿಕಲರಿಗೆ ನೆರವು ಕೊಡುವ ಸೇವಾ ನಿಧಿಯ ಕಚೇರಿ ಅದು. ನಿಧಿಯ ವೆಬ್‌ಸೈಟ್ ಮಾಡಿದವನು ಹಯಗ್ರೀವ. ಪಕ್ಕದ ಊರಾದ ಕಲ್ಯಾಣದಲ್ಲಿ ಉಡುಪಿ ಹೋಟೆಲ್ ನಡೆಸುವವರ ಮಗ.

“ನಾನೇ,” ಎಂದ. ದನಿಯಲ್ಲಿ ಹೆಮ್ಮೆ ಬೇರೆ. “ಒತ್ತಿದ್ರೆ ಸೈಟೇ ಮಾತಾಡ್ತದೆ. ಕಣ್ಣು ಕಾಣದವರಿಗೆ ಅಂತ.”

“ನನ್ನ ಫೋನ್ ಮೊದಲೇ ಮಾತಾಡ್ತದೆ. ಅದರ ಮೇಲೆ ನಿಮ್ಮದೂ ಶುರುವಾದ್ರೆ ಎರಡೂ ಕೇಳುದಿಲ್ಲ. ಅರ್ಜಿಯಲ್ಲಿ ಯಾವ ಖಾಲಿ ಜಾಗದಲ್ಲಿ ಏನು ಬರೀಬೇಕು ಅಂತ ಗೊತ್ತಾಗುದಿಲ್ಲ. ಕಡೆಗೆ, ಬಸ್ ಇರುವ ಚಿತ್ರ ಆರಿಸಿ ಅಂತ ಕೇಳ್ತೀರಿ... ಕುರುಡರ ಹತ್ರ.”

ಅಶ್ಮಿತಾ ಒಂಬತ್ತನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವಳು. ಸಾನಪಾಡಾದ ಕಂಪನಿಯೊಂದರಲ್ಲಿ ವೆಬ್‌ಸೈಟ್ ಪರೀಕ್ಷಿಸುವುದೇ ಅವಳ ಉದ್ಯೋಗ. ಇಲ್ಲಿಗೆ ಬಿಟ್ಟಿ ಸೇವೆಗೆಂದು ಬಂದಿದ್ದಳು.

ಅಧ್ಯಕ್ಷ ಮುರಾರಿ ರಾಯರು ನಕ್ಕರು. “ಹೋಗ್ಲಿ ಬಿಡಮ್ಮ, ದಾನದ ಪೇಜು ಸರಿ ಉಂಟಲ್ಲ.”

ಹೌದು, ದಾನ ಕೊಡುವವರ ದಾರಿ ನುಣುಪಾಗಿತ್ತು. ಶಾಲು ಹೊದ್ದು, ಹಾರ ಹಾಕಿಸಿಕೊಂಡು ಮೆರೆಯುವವರ ಚಿತ್ರಗಳಿಗೂ ಬರವಿರಲಿಲ್ಲ. ನೆರವು ಬೇಕಾದವರು ಮಾತ್ರ ಬಾಗಿಲಲ್ಲೇ ಎಡವಿ ಬೀಳಬೇಕಿತ್ತು.

‘ಇವರ ಪುಣ್ಯಕ್ಕೆ ನಾವು ಮೆಟ್ಟಿಲು!’ ಅಶ್ಮಿತಾಳಿಗೆ ಅಸಹ್ಯವಾಯಿತು. ಆ ಅಸಹ್ಯದಲ್ಲಿ ಹಯಗ್ರೀವನಿಗೂ ದೊಡ್ಡ ಪಾಲಿತ್ತು.

ಮರುದಿನ ಅವನ ಫೋನ್ ಬಂತು.

“ಮಾನಿಟರ್ ಆಫ್ ಮಾಡಿ ನನ್ನದೇ ಅರ್ಜಿ ತುಂಬ್ಲಿಕ್ಕೆ ನೋಡಿದೆ ಮಾರಾಯ್ರೆ. ಮುಕ್ಕಾಲು ಗಂಟೆ. ಹೆಸರು ಸಹ ಬರೀಲಿಕ್ಕೆ ಆಗ್ಲಿಲ್ಲ. ಕಲಿಸಿ ಕೊಡ್ತೀರಾ?”

ಅವಳಿಗೆ ನಗು ತಡೆಯಲಾಗಲಿಲ್ಲ.

ಆರು ಭಾನುವಾರ ಜೊತೆಗೆ ಕುಳಿತರು. ಅವಳು ನೂರಾ ಹದಿನೇಳು ತಪ್ಪು ಹಿಡಿದಳು. ಅವನು ಒಂದಕ್ಕೂ ವಾದಿಸಲಿಲ್ಲ. ಏಳನೇ ಭಾನುವಾರಕ್ಕೆ ಕೆಲಸವೇ ಉಳಿದಿರಲಿಲ್ಲ. ಆದರೂ ಅವಳು ಹೋಗಲು ನೆಪ ಹುಡುಕುತ್ತಿದ್ದಳು... ತನ್ನ ಬಗ್ಗೆಯೇ ನಾಚಿಕೆಯಾಗುವಷ್ಟು.

ಆ ಬೆಳಿಗ್ಗೆ ಅಮ್ಮ ಚಂಪಾ ಮೊಬೈಲ್ ಹಿಡಿದು ಬಂದರು. “ಅಶ್ಮಿ, ನಿಧಿಯ ಸೈಟಲ್ಲಿ ನಿನ್ನ ಫೋಟೋ ಉಂಟು. ಅದರ ಮೇಲೆ... ಎಂತದೋ ಬರೆದಿದ್ದಾರೆ.”

“ಓದಮ್ಮ.”

“‘ನಮ್ಮ ಕರುಣೆಯಿಂದ ಬಾಳು ಕಂಡ ಅಂಧ ಯುವತಿ.’”

ಅಕ್ಷರಗಳನ್ನು ಚಿತ್ರದೊಳಗೇ ಕೂಡಿಸಿದ್ದರು. ಹಾಗಾಗಿ ಅವಳ ಫೋನ್ ಆ ಜಾಗದಲ್ಲಿ ‘ಚಿತ್ರ’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಿತ್ತು. ಊರಿಗೆಲ್ಲ ಕಂಡದ್ದು ಅವಳೊಬ್ಬಳಿಗೆ ಕಾಣದಂತೆ!

‘ಅವನೂ ಇಷ್ಟೇನಾ...’ ಎದೆ ಉರಿಯಿತು. ಅವನನ್ನು ಡೊಂಬಿವಲಿ ಸ್ಟೇಷನ್ನಿಗೆ ಕರೆಸಿದಳು.

“ನಿಮ್ಮ ಕರುಣೆಯಿಂದ ನಾನು ಬಾಳು ಕಂಡೆನಂತೆ. ಯಾವಾಗ ಹೇಳಿ, ನನಗೂ ಗೊತ್ತಾಗ್ಲಿ.”

“ನಾನು ಹಾಕಿದ್ದಲ್ಲ. ರಾಯರು ಹಾಕಿಸಿದ್ದು. ಮೂರು ದಿನ ಆಯ್ತು.”

“ಮೂರು ದಿನ ನೋಡಿ ಸುಮ್ಮನಿದ್ರಿ?”

“ಹೇಳಿದ್ರೆ ನೀವು ಬರುದು ನಿಲ್ಲಿಸ್ತೀರಿ ಅಂತ ಹೆದರಿದೆ. ಬೇಜಾರೂ ಆಗ್ತದೆ ಅಂತ... ಈಗ ಬರುವ ಮೊದಲು ತೆಗೆದುಬಿಟ್ಟೆ.”

“ತೆಗೆದ್ರಾ! ಹಾಕುವಾಗಲೂ ನನ್ನನ್ನು ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. ಛೀ... ರಾಯರಿಗೂ ನಿಮಗೂ ಏನು ಫರಕ್? ಅವರು ನನ್ನನ್ನು ತೋರಿಸಿದ್ರು, ನೀವು ಬಚ್ಚಿಟ್ರಿ.”

ಮಡಚಿದ ಕೋಲು ಬಿಡಿಸಿಕೊಂಡು ಅವಳು ಹೊರಟೇಬಿಟ್ಟಳು. ಕಣ್ಣು ತುಂಬಿತ್ತು. ಅವನು ಕೈ ಹಿಡಿದು ನಿಲ್ಲಿಸಲಿಲ್ಲ.

“ಅಶ್ಮಿತಾ... ನಾನು ಏನು ಮಾಡ್ಬೇಕು? ನೀವೇ ಹೇಳಿ.”

ಅವಳ ಹೆಜ್ಜೆ ನಿಂತಿತು. ಆ ಪ್ರಶ್ನೆಯನ್ನು ಅವಳ ಬದುಕಿನಲ್ಲಿ ಕೇಳಿದವರು ಎಷ್ಟು ಕಡಿಮೆ!

“ಫೋಟೋ ವಾಪಸ್ ಹಾಕಿ. ಹೀಗೆ ಬರೀರಿ: ‘ಅಶ್ಮಿತಾ. ಈ ವೆಬ್‌ಸೈಟಿನ ನೂರಾ ಹದಿನೇಳು ತಪ್ಪು ಹಿಡಿದವಳು.’ ನನ್ನ ಫೋನಿಗೂ ಓದ್ಲಿಕ್ಕೆ ಬರುವ ಹಾಗೆ.”

ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲೇ ಹಾಕಿದ. ಹತ್ತು ನಿಮಿಷದಲ್ಲಿ ರಾಯರ ಫೋನ್! ಅವನು ಸ್ಪೀಕರ್ ಹಾಕಿದ.

“ಇದೆಂತ ಬರೆದದ್ದು ಮಾರಾಯ? ಹುಡುಗಿಯನ್ನು ಕಂಡ್ರೆ ಅಳು ಬರ್ಬೇಕು, ಆಗ ದಾನ ಬರ್ತದೆ. ಬದಲಿಸು. ಇಲ್ಲದಿದ್ರೆ ನಾಳೆಯಿಂದ ನೀನು ಬೇಡ.”

“ಬರೆಸಿದ್ದು ಅವರು. ಬದಲಿಸ್ಬೇಕಾದ್ರೆ ಅವರನ್ನೇ ಕೇಳಿ ರಾಯರೇ. ಪಕ್ಕದಲ್ಲೇ ಇದ್ದಾರೆ.”

ಅತ್ತ ಕಡೆಯಿಂದ ಫೋನ್ ಕಟ್ಟಾಯಿತು. ಕರುಣಾಳುಗಳಿಗೆ ಅವಳೊಡನೆ ಮಾತಾಡುವ ಧೈರ್ಯ ಸಾಲಲಿಲ್ಲ.

“ನಿಮ್ಮ ಕೆಲಸ ಹೋಯ್ತಲ್ಲ,” ಎಂದಳು, ಈ ಬಾರಿ ಮೆತ್ತಗೆ.

“ಹೋಗ್ಲಿ. ಒಂದು ಕೇಳ್ಲಾ?”

“ಕೇಳಿ.”

“ನನಗೆ ನಿಮ್ಮ ಮೇಲೆ ಪ್ರೀತಿ ಉಂಟು. ಕರುಣೆ ಅಲ್ಲ... ನಿಮ್ಮನ್ನು ಕಂಡ್ರೆ ನನಗೆ ಹೆದರಿಕೆಯೇ ಜಾಸ್ತಿ. ಮದುವೆ ಆಗ್ತೀರಾ?”

ಅವಳು ಅವನ ತೋಳು ಹುಡುಕಿ ಹಿಡಿದಳು.

“ಹೂಂ.”

“ಮನೆಯಲ್ಲಿ ಅಮ್ಮನನ್ನು ಕೇಳುದು ಬೇಡ್ವಾ?”

“ಕೇಳುವ. ಮೊದಲು ನನ್ನನ್ನು ಕೇಳಿದಿರಲ್ಲ... ನನಗೆ ಅಷ್ಟು ಸಾಕು.”